ಯಂತ್ರದ ಮಾತು: ಇಂಗ್ಲಿಷ್ ಜೋಡಿ ಕ್ರಿಯಾಪದಗಳ ಹಿಂದಿನ ಕಥೆ

ಸುಳ್ಯ ತಾಲ್ಲೂಕಿನ ಐವರ್ನಾಡಿನಂಥ ಊರುಗಳ ಅನೇಕ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮೂರನೆಯ ಭಾಷೆ. ಮನೆಯಲ್ಲಿ ತುಳು ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಪಿ.ಯು. ವಿಜ್ಞಾನ ತರಗತಿಯಲ್ಲಿ ಇಂಗ್ಲಿಷ್. ಆಗ ಅವರನ್ನು ಕಾಡುವುದು 'ಇಲೆಕ್ಟ್ರೋಮ್ಯಾಗ್ನೆಟಿಕ್ ಇಂಡಕ್ಷನ್'ನಂಥ ಉದ್ದದ ಪದವಲ್ಲ. ಅದಕ್ಕೆ ಪಠ್ಯದಲ್ಲೇ ವ್ಯಾಖ್ಯೆ ಇರುತ್ತದೆ. ಕಾಡುವುದು 'ಸೆಟ್ ಅಪ್', 'ಗಿವ್ ಆಫ್', 'ಬ್ರೇಕ್ ಡೌನ್' ಮುಂತಾದ ಪುಟ್ಟ ಜೋಡಿಗಳು. 'ಗಿವ್' ಎಂದರೆ ಕೊಡು ಎಂದಷ್ಟೇ ಕಲಿತವರಿಗೆ, 'ಗಿವ್ ಆಫ್' ಎಂದರೆ ಹೊರಸೂಸು ಎಂದು ಹೊಳೆಯುವುದು ಹೇಗೆ? ಭೌತವಿಜ್ಞಾನ ಚೆನ್ನಾಗಿ ಅರ್ಥವಾದವರೂ ಇಲ್ಲಿ ತಡವರಿಸುತ್ತಾರೆ. ವಿಷಯವೇ ಗೊತ್ತಿಲ್ಲವೆಂಬ ಹಣೆಪಟ್ಟಿ ಅವರಿಗೆ ಅಂಟುತ್ತದೆ.

ಈ ತೊಡಕು ಹಳೆಯದು. 1755ರಲ್ಲಿ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಇಂಥ ಜೋಡಿಗಳು ಪರಭಾಷಿಕರಿಗೆ ಬಹಳ ಕಷ್ಟ ಕೊಡುತ್ತವೆಂದು ಮುನ್ನುಡಿಯಲ್ಲೇ ಗುರುತಿಸಿದ್ದ. ಇವನ್ನು 'ಫ್ರೇಸಲ್ ವರ್ಬ್' ಎಂದು ಕರೆಯುವ ರೂಢಿ ಬೆಳೆದದ್ದು ಲೋಗನ್ ಪಿಯರ್‌ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಪುಸ್ತಕದಿಂದ.

ತಂತ್ರಜ್ಞಾನದ ಜೋಡಿಪದಗಳಲ್ಲಿ ಹಳೆಯ ಸಲಕರಣೆಗಳು ಅಡಗಿ ಕುಳಿತಿವೆ. 'ಹ್ಯಾಂಗ್ ಅಪ್' ಎಂದರೆ ಮೇಲೆ ತೂಗುಹಾಕು. ಹಿಂದಿನ ಟೆಲಿಫೋನುಗಳಲ್ಲಿ ರಿಸೀವರನ್ನು ಕೊಕ್ಕೆಗೆ ತೂಗುಹಾಕಿದರೆ ಅದರ ಭಾರಕ್ಕೆ ಕೊಕ್ಕೆ ಕೆಳಗಿಳಿದು ಸಂಪರ್ಕ ಕಡಿಯುತ್ತಿತ್ತು. ಹಡಗಿನ ವೇಗ ಅಳೆಯಲು ನಾವಿಕರು ಗಂಟುಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ಆ ತುಂಡು 'ಲಾಗ್'. ಅಳತೆ ಬರೆದಿಡುವ ಪುಸ್ತಕ 'ಲಾಗ್ ಬುಕ್'. 1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನು ಅನೇಕರು ಹಂಚಿಕೊಳ್ಳತೊಡಗಿದಾಗ ಅದೇ ಪದ 'ಲಾಗ್ ಇನ್' ಆಯಿತು. 'ಬೂಟ್ ಅಪ್' ಬಂದದ್ದು ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಕಲ್ಪನೆಯಿಂದ. ನ್ಯೂಟನ್ನನ ನಿಯಮಗಳು ಇದಕ್ಕೆ ಒಪ್ಪುವುದಿಲ್ಲ. ಆದರೆ ಚಿಕ್ಕದೊಂದು ಪ್ರೋಗ್ರಾಮು ದೊಡ್ಡದನ್ನು ಎಬ್ಬಿಸುವುದಕ್ಕೆ ಈ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ!

ಕನ್ನಡವೂ ಹೀಗೆಯೇ ಮಾಡಿದೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಬಲ್ಬಿನಲ್ಲಿ ಆರುವ ಜ್ವಾಲೆ ಇಲ್ಲದಿದ್ದರೂ ನಾವು ಇಂದಿಗೂ ಲೈಟ್ 'ಆರಿಸು' ಎನ್ನುತ್ತೇವೆ. ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡು ಫೋನ್ 'ಇಡುತ್ತೇನೆ' ಎನ್ನುತ್ತೇವೆ.

ಇನ್ನೂ ಮುಖ್ಯವಾದ ಸಾಮ್ಯವೊಂದಿದೆ. ತೋಟದ ಪಂಪು 'ಕೆಟ್ಟುಹೋಯಿತು' ಎಂದಾಗ ಪಂಪು ಎಲ್ಲಿಗೂ ಹೋಗಿರುವುದಿಲ್ಲ. 'ಹೋಗು' ಇಲ್ಲಿ ತನ್ನ ಅರ್ಥ ಬಿಟ್ಟು, ಕ್ರಿಯೆ ಪೂರ್ಣಗೊಂಡಿತೆಂದು ಸೂಚಿಸುತ್ತದೆ. 'ಬ್ರೇಕ್ ಡೌನ್'ನಲ್ಲಿ 'ಡೌನ್' ಮಾಡುವ ಕೆಲಸವೂ ಹೆಚ್ಚುಕಡಿಮೆ ಇಂಥದೇ. ಮೋಟರು ಸುಟ್ಟುಹೋದರೆ 'ಬರ್ನ್ ಔಟ್', ಅಳತೆಯನ್ನು ಬರೆದಿಟ್ಟರೆ 'ರೈಟ್ ಡೌನ್'. ನಾವು ಕ್ರಿಯಾಪದಕ್ಕೆ ಇನ್ನೊಂದು ಕ್ರಿಯಾಪದ ಸೇರಿಸುತ್ತೇವೆ, ಇಂಗ್ಲಿಷರು ದಿಕ್ಕು ಸೂಚಿಸುವ ಪದ ಸೇರಿಸುತ್ತಾರೆ. ಇನ್ನೊಂದು ವ್ಯತ್ಯಾಸವೂ ಉಂಟು: ಇಂಗ್ಲಿಷಿನಲ್ಲಿ 'ಸ್ವಿಚ್ ಇಟ್ ಆಫ್' ಎಂದು ಜೋಡಿಯ ನಡುವೆ ಸರ್ವನಾಮ ಬರುತ್ತದೆ. ಕನ್ನಡದಲ್ಲಿ 'ಕೆಟ್ಟೇ ಹೋಯಿತು' ಎಂದು 'ಏ'ಕಾರ ನುಸುಳಬಹುದೇ ಹೊರತು ಸರ್ವನಾಮ ನುಸುಳದು.

ಕಾಲಗಳ ವಿಷಯದಲ್ಲೂ ಕನ್ನಡವೇ ಕೈಹಿಡಿಯುತ್ತದೆ. ಸಮುದ್ರಮಟ್ಟದ ವಾಯುಭಾರದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 'ಕುದಿಯುತ್ತದೆ' ಎಂಬುದು ನಿಯಮ. ಒಲೆಯ ಮೇಲಿನ ನೀರು 'ಕುದಿಯುತ್ತಿದೆ' ಎಂಬುದು ಈ ಕ್ಷಣದ ಘಟನೆ. ಮೊದಲನೆಯದಕ್ಕೆ 'ಬಾಯಿಲ್ಸ್', ಎರಡನೆಯದಕ್ಕೆ 'ಈಸ್ ಬಾಯಿಲಿಂಗ್'. ಆದರೆ ಒಂದೆಡೆ ಎಚ್ಚರ ಬೇಕು. 'ಪಂಪು ನಿನ್ನೆ ಕೆಟ್ಟುಹೋಗಿದೆ' ಎಂದು ನಾವು ಹೇಳಬಹುದು. ಇಂಗ್ಲಿಷಿನಲ್ಲಿ 'ನಿನ್ನೆ' ಎಂದ ಕೂಡಲೇ 'ಹ್ಯಾಸ್ ಬ್ರೋಕನ್ ಡೌನ್' ಸಲ್ಲದು, 'ಬ್ರೋಕ್ ಡೌನ್' ಎಂದೇ ಆಗಬೇಕು. ಪ್ರಯೋಗದಲ್ಲಿ ಮಾಡಿದ್ದನ್ನು ಭೂತಕಾಲದಲ್ಲೂ ಅದರಿಂದ ಸಿದ್ಧವಾದ ನಿಯಮವನ್ನು ವರ್ತಮಾನದಲ್ಲೂ ಬರೆಯುವ ಕ್ರಮ ಎರಡು ಭಾಷೆಗಳಿಗೂ ಹೊಂದುತ್ತದೆ.

ಐವರ್ನಾಡಿಗೆ ಹತ್ತಿರದ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವನ್ನು, ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡದಲ್ಲಿ ಬರೆದರು. ವಿಜ್ಞಾನವನ್ನು ಕನ್ನಡದಲ್ಲಿ ಅರಿಯಬಹುದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಾಗೆ ಅರಿತದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಸುವಾಗ ಜೋಡಿಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಪ್ರಯೋಗಶಾಲೆಯ ಒಂದೊಂದು ಕೆಲಸವನ್ನೂ ಮೊದಲು ಕನ್ನಡದಲ್ಲಿ ಹೇಳಿಸಿ, ಅದರ ಇಂಗ್ಲಿಷ್ ಜೋಡಿಯನ್ನು ಪಕ್ಕದಲ್ಲೇ ಬರೆಸುವುದು ಮೇಲು. ವಿದ್ಯಾರ್ಥಿ ಶೂನ್ಯದಿಂದ ಹೊರಡಬೇಕಾಗಿಲ್ಲ. ಅರ್ಧ ದಾರಿಯನ್ನು ಅವರ ನುಡಿಯೇ ಆಗಲೇ ಸವೆಸಿದೆ.