ಎಡ–ಬಲಗಳ ನಡುವೆ ಜನತಾ ಸರ್ಕಾರ

'ಎಡಪಂಥ', 'ಬಲಪಂಥ' ಎಂಬ ಪರಿಭಾಷೆಗಳ ಮೂಲ 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯ ಆಸನಕ್ರಮದಲ್ಲಿದೆ. ಅವು ಇಲ್ಲಿಗೆ ಬರುವ ಮೊದಲೇ ಕನ್ನಡ ನಾಡಿನಲ್ಲಿ ಎಡ–ಬಲಗಳಿಗೆ ಬೇರೆಯೇ ಅರ್ಥವಿತ್ತು. ಹದಿನೆಂಟು ಪಣದ ಬಲಗೈ, ಒಂಬತ್ತು ಪಣದ ಎಡಗೈ ಎಂಬ ವಿಂಗಡಣೆಯಲ್ಲಿ ಮುಖ್ಯವಾಗಿದ್ದುದು ಸಿದ್ಧಾಂತವಲ್ಲ. ಯಾರಿಗೆ ಯಾವ ಮರ್ಯಾದೆ ಸಲ್ಲಬೇಕೆಂಬ ಪ್ರಶ್ನೆ. ಬೆಂಗಳೂರಿನ ಪೇಟೆಗೂ ಈ ವಿಂಗಡಣೆ ಪರಿಚಿತವಾಗಿತ್ತು. ಆದ್ದರಿಂದ ಆಳುವ ಪಕ್ಷವೊಂದರ ನೆಲೆಯನ್ನು ಗುರುತಿಸುವಾಗ ಸಿದ್ಧಾಂತದೊಡನೆ ಸಮುದಾಯಗಳ ಪಾಲನ್ನೂ ಪರಿಶೀಲಿಸುವುದು ಅಗತ್ಯ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾಯಿತು. 224 ಸ್ಥಾನಗಳಲ್ಲಿ ಜನತಾ–ಕ್ರಾಂತಿರಂಗ ಕೂಟಕ್ಕೆ ದೊರೆತವು 95. ಹದಿನೆಂಟು ಸದಸ್ಯರ ಭಾರತೀಯ ಜನತಾ ಪಕ್ಷವೂ ಕಮ್ಯುನಿಸ್ಟ್ ಪಕ್ಷಗಳೂ ಹೊರಗಿನಿಂದ ಬೆಂಬಲ ನೀಡಿದವು. ಹೀಗೆ ಒಂದೇ ಸರ್ಕಾರಕ್ಕೆ ಎಡ, ಬಲಗಳೆರಡೂ ಆಸರೆಯಾದವು. 1984ರ ಲೋಕಸಭಾ ಚುನಾವಣೆಯ ಸೋಲಿನ ನಂತರ ಹೆಗಡೆಯವರು ಹೊಸ ಜನಾದೇಶ ಕೋರಿದರು. 1985ರಲ್ಲಿ ಪಕ್ಷ 139 ಸ್ಥಾನಗಳನ್ನು ಗಳಿಸಿತು; ಹೆಗಡೆಯವರು ಬಸವನಗುಡಿಯಿಂದ ಆಯ್ಕೆಯಾದರು. 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಮಲ್ಲೇಶ್ವರದೊಡನೆ ರೂಪುಗೊಂಡ ಈ ಬಡಾವಣೆ ಮಧ್ಯಮ ವರ್ಗದ ವಿದ್ಯಾವಂತರ ನೆಲೆ. ಅಂಥ ಕ್ಷೇತ್ರದ ಪ್ರತಿನಿಧಿಯ ಸರ್ಕಾರವೇ ಹಳ್ಳಿಗೆ ಅಧಿಕಾರವನ್ನು ಒಯ್ದದ್ದು ಗಮನಾರ್ಹ.

ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ವ್ಯವಸ್ಥೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಯಿತು. ಕೊಳವೆಬಾವಿಗಳ ಮೂಲಕ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸಿದ ಅವರನ್ನು ಜನರು 'ನೀರ್ ಸಾಬ್' ಎಂದು ಕರೆದರು. ಪಂಥದ ಹೆಸರನ್ನು ಬಿಟ್ಟು ಕೆಲಸದ ಹೆಸರಿನಿಂದ ಗುರುತಿಸುವುದು ಜನಪದರ ರೀತಿ.

ಆದರೆ ಸಮುದಾಯಗಳ ಪಾಲಿನ ಪ್ರಶ್ನೆಯಲ್ಲಿ ಚಿತ್ರ ಬೇರೆ. ಹಾವನೂರು ಆಯೋಗ (1972) ಮತ್ತು 1974ರ ಭೂಸುಧಾರಣೆಯಿಂದ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ ಹಿಂದುಳಿದವರ ಪರ ನಿಲುವನ್ನು ದೃಢಪಡಿಸಿತ್ತು. ಹೆಗಡೆಯವರ ಸರ್ಕಾರವು ತಾನೇ ನೇಮಿಸಿದ ವೆಂಕಟಸ್ವಾಮಿ ಆಯೋಗದ 1986ರ ವರದಿಯನ್ನು ಪ್ರಬಲ ಸಮುದಾಯಗಳ ವಿರೋಧದ ನಡುವೆ ಒಪ್ಪಲಿಲ್ಲ.

ಅಧಿಕಾರ ವಿಕೇಂದ್ರೀಕರಣದಲ್ಲಿ ಎಡಕ್ಕೂ, ಮೀಸಲಾತಿಯಲ್ಲಿ ಬಲಕ್ಕೂ ವಾಲಿದ ಈ ಸರ್ಕಾರವನ್ನು ಒಂದೇ ರೇಖೆಯ ಮೇಲೆ ನಿಲ್ಲಿಸಲಾಗದು. ನೀರು, ಪಂಚಾಯಿತಿ, ಮೀಸಲಾತಿಗಳ ಫಲ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದೇ ಅದರ ನೆಲೆಯನ್ನು ತೋರುವ ಸರಿಯಾದ ಅಳತೆ.