ಸಂಖ್ಯೆ ಕೊಟ್ಟರೆ ಫೋನ್ ಸಿಕ್ಕೀತೇ?



ಕಳೆದುಹೋದ ಮೊಬೈಲಿನ ಹತ್ತು ಅಂಕಿಗಳನ್ನು ತುಂಬಿದರೆ ಸಾಕು, ಅದು ಈಗ ಯಾವ ಬೀದಿಯಲ್ಲಿದೆ ಎಂಬುದನ್ನು ಭೂಪಟದ ಮೇಲೆ ಪುಕ್ಕಟೆಯಾಗಿ ತೋರಿಸುತ್ತೇವೆ ಎನ್ನುವ ಜಾಲತಾಣಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅವು ನಿಜವಾಗಿ ಕೆಲಸ ಮಾಡುತ್ತವೆಯೇ? ಒಂದೇ ಮಾತಿನ ಉತ್ತರ ಬೇಕೆಂದರೆ, ಇಲ್ಲ. ಆದರೆ ಫೋನನ್ನು ಪತ್ತೆ ಹಚ್ಚುವುದೇ ಅಸಾಧ್ಯ ಎಂದು ಇದರಿಂದ ತಿಳಿಯಬೇಡಿ. ಅದು ದಿನನಿತ್ಯ ನಡೆಯುವ ಕೆಲಸ. ಅದನ್ನು ಯಾರು ಮಾಡಬಲ್ಲರು, ಯಾರು ಮಾಡಲಾರರು ಎಂಬುದೇ ಇಲ್ಲಿರುವ ಪ್ರಶ್ನೆ. ಅದಕ್ಕೆ ನೂರು ವರ್ಷಕ್ಕೂ ಹಿಂದಿನ ಕಥೆಯಿದೆ.

ರೇಡಿಯೋ ತರಂಗವನ್ನು ಕಳಿಸುವವನು ತನ್ನ ಮಾತನ್ನಷ್ಟೇ ಅಲ್ಲ, ತಾನಿರುವ ದಿಕ್ಕನ್ನೂ ಹೇಳಿಬಿಡುತ್ತಾನೆ. ಇದನ್ನು ನೌಕಾಪಡೆಗಳು ಚೆನ್ನಾಗಿ ಬಳಸಿಕೊಂಡವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕರಾವಳಿಯ ಕೇಂದ್ರಗಳು ಜರ್ಮನ್ ಹಡಗುಗಳ ನಿಸ್ತಂತು ಸಂಕೇತಗಳನ್ನು ಕೇಳುತ್ತ ಕುಳಿತಿರುತ್ತಿದ್ದವು. ಸಂದೇಶದ ಅರ್ಥ ತಿಳಿಯದಿದ್ದರೂ ಚಿಂತೆಯಿಲ್ಲ. ಎರಡು ಕೇಂದ್ರಗಳು ದಿಕ್ಕನ್ನು ಅಳೆದು ಭೂಪಟದ ಮೇಲೆ ಎರಡು ಗೆರೆ ಎಳೆದರೆ, ಅವು ಕೂಡುವ ಕಡೆ ಹಡಗು. 1916ರ ಮೇ ಕೊನೆಯಲ್ಲಿ ಆ ದಿಕ್ಕು ಅತಿ ಸ್ವಲ್ಪವೇ ಸರಿದದ್ದನ್ನು ಗಮನಿಸಿ, ಜರ್ಮನ್ ನೌಕಾಪಡೆ ಬಂದರಿನಿಂದ ಹೊರಡುತ್ತಿದೆ ಎಂದು ಬ್ರಿಟಿಷರು ಊಹಿಸಿದರು. ಅದರ ಬೆನ್ನಿಗೇ ಜಟ್ಲೆಂಡ್ ಕದನ ನಡೆಯಿತು. ಇಲ್ಲಿ ಒಂದು ಅಂಶವನ್ನು ನೆನಪಿಡಿ. ಪತ್ತೆ ಹಚ್ಚಬೇಕಾದರೆ ತರಂಗ ಬೀಳುವ ಜಾಗದಲ್ಲಿ ಆಂಟೆನಾ ಇರಬೇಕು. ಆಂಟೆನಾ ಇಲ್ಲದವನಿಗೆ ಏನೂ ಸಿಗದು.

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಮುಂದಿನ ಮಾತನ್ನು ನಮ್ಮದೇ ಉದಾಹರಣೆಯಿಂದ ಹೇಳುವುದು ಸುಲಭ. ನಮ್ಮ ಪ್ರಸಾರ ಗೋಪುರ ಕಾರ್ಯಕ್ರಮವನ್ನು ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ. ಯಾವ ಊರಿನ ಯಾವ ಮನೆಯಲ್ಲಿ ಯಾರು ನೋಡುತ್ತಿದ್ದಾರೆಂದು ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೊಬೈಲ್ ವ್ಯವಸ್ಥೆ ಹಾಗಲ್ಲ. ನಿಮಗೆ ಕರೆ ಬಂದರೆ ಅದನ್ನು ದೇಶದ ಲಕ್ಷಾಂತರ ಗೋಪುರಗಳಲ್ಲಿ ಯಾವುದರ ಮೂಲಕ ಕಳಿಸಬೇಕೆಂದು ಅದಕ್ಕೆ ಮೊದಲೇ ತಿಳಿದಿರಬೇಕು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಿ. ಎಚ್. ರಿಂಗ್ ಒಂದು ಟಿಪ್ಪಣಿಯಲ್ಲಿ, ಊರನ್ನು ಜೇನುಗೂಡಿನಂತೆ ಷಟ್ಕೋನದ ಕೋಶಗಳಾಗಿ ವಿಂಗಡಿಸಿ ಪ್ರತಿ ಕೋಶಕ್ಕೂ ಒಂದು ಸಣ್ಣ ಗೋಪುರ ಇಡುವ ಯೋಚನೆಯನ್ನು ಮುಂದಿಟ್ಟರು. ಒಂದೇ ತರಂಗಾಂತರವನ್ನು ದೂರದ ಕೋಶಗಳಲ್ಲಿ ಮತ್ತೆ ಮತ್ತೆ ಬಳಸಬಹುದೆಂಬುದು ಅದರ ಲಾಭ. ಸೆಲ್ ಫೋನ್ ಎಂಬ ಹೆಸರು ಬಂದದ್ದೇ ಈ ಕೋಶದಿಂದ. ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಫೋನಿನಲ್ಲಿ ಮೊದಲ ಕರೆ ಮಾಡಿದ್ದು 1973ರ ಏಪ್ರಿಲ್ 3ರಂದು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದು ಮೊದಲ ಮೊಬೈಲ್ ಕರೆ.

ನಿಮ್ಮ ಫೋನ್ ಜೇಬಿನಲ್ಲಿ ಸುಮ್ಮನಿರುವಾಗಲೂ ಆಗಾಗ 'ನಾನು ಇಲ್ಲಿದ್ದೇನೆ' ಎಂದು ಜಾಲಕ್ಕೆ ಹೇಳುತ್ತಿರುತ್ತದೆ. ಕಂಪನಿಯ ಗಣಕದಲ್ಲಿ ಅದಕ್ಕೊಂದು ದಾಖಲೆಯಿರುತ್ತದೆ. ಎಷ್ಟು ನಿಖರ ಎಂದು ಕೇಳುವಿರಾ? ಜಿಎಸ್ಎಂ ವ್ಯವಸ್ಥೆಯ ಒಂದು ಲೆಕ್ಕವನ್ನು ನೋಡಿ. ಫೋನಿನ ಸಂಕೇತ ಗೋಪುರವನ್ನು ಸರಿಯಾದ ಕ್ಷಣಕ್ಕೆ ಮುಟ್ಟಬೇಕಾದರೆ, ದೂರದಲ್ಲಿರುವ ಫೋನ್ ಸ್ವಲ್ಪ ಮುಂಚೆಯೇ ಅದನ್ನು ಕಳಿಸಬೇಕು. ಎಷ್ಟು ಮುಂಚೆ ಎಂಬುದನ್ನು ಗೋಪುರ 0ಯಿಂದ 63ರವರೆಗಿನ ಒಂದು ಅಂಕಿಯಲ್ಲಿ ಹೇಳುತ್ತದೆ. ಒಂದೊಂದು ಹೆಜ್ಜೆ ಸುಮಾರು 3.69 ಮೈಕ್ರೋಸೆಕೆಂಡ್. ಅಷ್ಟರಲ್ಲಿ ತರಂಗ ಸುಮಾರು 1,100 ಮೀಟರ್ ಓಡುತ್ತದೆ; ಹೋಗಿ ಬರುವ ದಾರಿಯಾದ್ದರಿಂದ ಅರ್ಧ ಮಾಡಿದರೆ 550 ಮೀಟರ್. ಅಂದರೆ ಕಂಪನಿಗೆ ಗೊತ್ತಾಗುವುದು, ಗೋಪುರದ ಇಂಥ ಪಕ್ಕದಲ್ಲಿ, ಇಷ್ಟು ದೂರದ ಒಂದು ಬಳೆಯ ತುಂಡಿನೊಳಗೆ ಫೋನ್ ಇದೆ ಎಂಬುದು. 63ನ್ನು 550ರಿಂದ ಗುಣಿಸಿ ನೋಡಿ, ಜಿಎಸ್ಎಂ ಗೋಪುರದ ವ್ಯಾಪ್ತಿ ಏಕೆ ಸುಮಾರು 35 ಕಿಲೋಮೀಟರಿಗೆ ನಿಲ್ಲುತ್ತಿತ್ತು ಎಂಬುದೂ ತಿಳಿಯುತ್ತದೆ. ಪೇಟೆಯಲ್ಲಿ ಗೋಪುರಗಳು ಒತ್ತೊತ್ತಾಗಿರುವುದರಿಂದ ಸ್ಥಳ ಚೆನ್ನಾಗಿ ಸಿಗುತ್ತದೆ. ಹಳ್ಳಿಯ ಕಡೆ ಹಲವು ಕಿಲೋಮೀಟರಿನ ಅಂದಾಜಷ್ಟೆ.

ಹಾಗಾದರೆ ಉಪಗ್ರಹ? ಈ ಜಾಲತಾಣಗಳು ಸಾಮಾನ್ಯವಾಗಿ ತಿರುಗುವ ಉಪಗ್ರಹದ ಚಿತ್ರವನ್ನು ತೋರಿಸಿ, ಅದು ಮೇಲಿನಿಂದ ಫೋನನ್ನು ಹುಡುಕುತ್ತಿದೆ ಎಂಬ ಭಾವನೆ ಹುಟ್ಟಿಸುತ್ತವೆ. ಇದು ವಿಜ್ಞಾನವನ್ನೇ ತಲೆಕೆಳಗು ಮಾಡಿದಂತೆ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಇಬ್ಬರು ಯುವ ವಿಜ್ಞಾನಿಗಳು, ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫನ್‌ಬಾಕ್, ಅದರ ಬೀಪ್ ಸದ್ದಿನ ಆವರ್ತನ ಏರಿಳಿಯುವುದನ್ನು ಅಳೆದು ಅದರ ಕಕ್ಷೆಯನ್ನು ಕಂಡುಹಿಡಿದರು. ರೈಲು ಹತ್ತಿರ ಬಂದು ದೂರ ಸರಿಯುವಾಗ ಸಿಳ್ಳೆಯ ದನಿ ಬದಲಾಗುವುದನ್ನು ನೀವು ಕೇಳಿದ್ದೀರಷ್ಟೆ, ಅದೇ ಡಾಪ್ಲರ್ ಪರಿಣಾಮ. ಉಪಗ್ರಹದ ಕಕ್ಷೆ ಗೊತ್ತಿದ್ದರೆ ಭೂಮಿಯ ಮೇಲೆ ಕೇಳುವವನ ಜಾಗವನ್ನು ತಿಳಿಯಬಹುದಲ್ಲವೇ ಎಂದು ಅವರ ಹಿರಿಯರಾದ ಫ್ರಾಂಕ್ ಮೆಕ್‌ಕ್ಲೂರ್ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಉಪಗ್ರಹ ಪಥದರ್ಶನ ಹುಟ್ಟಿದ್ದು ಹೀಗೆ. ಜಿಪಿಎಸ್‌ನ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿ 269 ಜನ ಸತ್ತ ಮೇಲೆ, ಈ ವ್ಯವಸ್ಥೆಯನ್ನು ನಾಗರಿಕರಿಗೂ ಕೊಡುವುದಾಗಿ ಅಮೆರಿಕ ಸಾರಿತು. ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು 2000ದ ಮೇ ಆರಂಭದಲ್ಲಿ ತೆಗೆದುಹಾಕಿದ ನಂತರವೇ ಅದು ಬೀದಿಯನ್ನು ಗುರುತಿಸುವಷ್ಟು ನಿಖರವಾದದ್ದು. ನಮ್ಮ ಇಸ್ರೋ ಸಂಸ್ಥೆಯೂ 2013ರ ಜುಲೈಯಿಂದ ಇಂಥದೇ ಉಪಗ್ರಹಗಳನ್ನು ಹಾರಿಸತೊಡಗಿತು. ಅವುಗಳ ಪಥದರ್ಶನ ಕೇಂದ್ರವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಸ್ಥಾಪಿಸಿತು.

ಈ ಎಲ್ಲ ಉಪಗ್ರಹಗಳೂ ಕಾಲವನ್ನು ಕೂಗಿ ಹೇಳುವ ಗಡಿಯಾರಗಳಿದ್ದಂತೆ. ನಿಮ್ಮ ಫೋನ್ ಕೇಳುತ್ತದೆ, ಲೆಕ್ಕ ಹಾಕುತ್ತದೆ, ತಾನೆಲ್ಲಿದ್ದೇನೆಂದು ತಾನೇ ತಿಳಿಯುತ್ತದೆ. ಉಪಗ್ರಹಕ್ಕೆ ನಿಮ್ಮ ಫೋನ್ ಇದೆಯೆಂಬುದೇ ಗೊತ್ತಿಲ್ಲ. ಫೋನಿನೊಳಗಿನ ಯಾವುದೋ ತಂತ್ರಾಂಶ ಆ ಲೆಕ್ಕವನ್ನು ಬೇರೆಯವರಿಗೆ ಕಳಿಸಿದರೆ ಮಾತ್ರ ಅದು ಹೊರಬೀಳುತ್ತದೆ.

ಈಗ ಹತ್ತು ಅಂಕಿಗಳ ವಿಷಯಕ್ಕೆ ಬರೋಣ. ಸರ್ಕಾರ ಸಂಖ್ಯೆಗಳ ಗುಂಪುಗಳನ್ನು ಕಂಪನಿವಾರು, ವಲಯವಾರು ಹಂಚುತ್ತದೆ. ಮೊದಲ ಕೆಲವು ಅಂಕಿ ನೋಡಿದರೆ ಇದು ಕರ್ನಾಟಕ ವಲಯದ್ದು, ಇಂಥ ಕಂಪನಿಯದು ಎಂದು ಹೇಳಬಹುದು. ಪುಕ್ಕಟೆ ತಾಣಗಳು 'ಪತ್ತೆ' ಎಂದು ಕೊಡುವುದು ಹೆಚ್ಚೆಂದರೆ ಇಷ್ಟನ್ನೇ. ಸಂಖ್ಯೆ ಮೊದಲು ಎಲ್ಲಿ ಕೊಡಲ್ಪಟ್ಟಿತು ಎಂಬುದು ಅದು, ಈಗ ಎಲ್ಲಿದೆ ಎಂಬುದಲ್ಲ. ಬೀದರಿನಲ್ಲಿ ಕೊಂಡ ಸಿಮ್ ಮುಂಬಯಿಯಲ್ಲಿದ್ದರೂ ಅದು ಕರ್ನಾಟಕವೆಂದೇ ತೋರಿಸುತ್ತದೆ. 2011ರ ಜನವರಿಯಲ್ಲಿ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಅವಕಾಶ ದೇಶದಾದ್ಯಂತ ಬಂತು. 2015ರ ಜುಲೈಯಲ್ಲಿ ವಲಯವನ್ನೂ ಬದಲಿಸಬಹುದಾಯಿತು. ಅಲ್ಲಿಗೆ ಆ ಅಲ್ಪ ಮಾಹಿತಿಯೂ ನಂಬಿಕೆಗೆ ಅರ್ಹವಾಗಿ ಉಳಿಯಲಿಲ್ಲ. ಉಳಿದದ್ದೆಲ್ಲ ಬಣ್ಣದ ಚಿತ್ರ. ಕೊನೆಗೆ 'ನೀವು ಮನುಷ್ಯರೆಂದು ಖಚಿತಪಡಿಸಿ', 'ಈ ಆ್ಯಪ್ ಹಾಕಿಕೊಳ್ಳಿ', 'ಕಾರ್ಡಿನ ವಿವರ ಕೊಡಿ' ಎಂಬ ಬೇಡಿಕೆ ಬರುತ್ತದೆ. ಇದೇ ಆ ತಾಣದ ಸಂಪಾದನೆ. ಫೋನ್ ಕಳೆದುಕೊಂಡು ಕಂಗಾಲಾದ ಮನುಷ್ಯ ಆ ಹೊತ್ತಿಗೆ ಏನನ್ನು ಕೇಳಿದರೂ ಕೊಟ್ಟಾನು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಹಾಗಿದ್ದರೂ ನಿಜವಾಗಿ ಕೆಲಸ ಮಾಡಿದ ಒಂದು ತಾಣ ಇತಿಹಾಸದಲ್ಲಿದೆ. ಅಮೆರಿಕದ ದೊಡ್ಡ ಮೊಬೈಲ್ ಕಂಪನಿಗಳು ಗಿರಾಕಿಗಳ ಸ್ಥಳದ ಮಾಹಿತಿಯನ್ನು ಮಧ್ಯವರ್ತಿಗಳಿಗೆ ಮಾರುತ್ತಿದ್ದವು. ಅಂಥ ಮಧ್ಯವರ್ತಿಯಾದ ಲೊಕೇಶನ್‌ಸ್ಮಾರ್ಟ್ ತನ್ನ ತಾಣದಲ್ಲಿ ಪುಕ್ಕಟೆ ಪರೀಕ್ಷಾ ಪುಟವೊಂದನ್ನು ಇಟ್ಟಿತ್ತು. ಸಂಖ್ಯೆ ತುಂಬಿದರೆ ಆ ಫೋನಿಗೆ ಸಂದೇಶ ಹೋಗಿ, ಒಡೆಯ ಒಪ್ಪಿದರೆ ಮಾತ್ರ ಸ್ಥಳ ತೋರಿಸಬೇಕು. ಒಪ್ಪಿಗೆಯನ್ನು ದಾಟಿಹೋಗುವ ಲೋಪವೊಂದು ಆ ಪುಟದಲ್ಲಿರುವುದನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಕ್ಸಿಯಾವ್ 2018ರ ಮೇಯಲ್ಲಿ ಕಂಡುಹಿಡಿದರು. ಯಾರು ಬೇಕಾದರೂ, ಯಾರ ಅನುಮತಿಯೂ ಇಲ್ಲದೆ, ಅಮೆರಿಕದ ಕೋಟ್ಯಂತರ ಫೋನುಗಳಲ್ಲಿ ಯಾವುದನ್ನಾದರೂ ಹುಡುಕಬಹುದಿತ್ತು! ಸುದ್ದಿ ಹೊರಬೀಳುತ್ತಿದ್ದಂತೆ ಪುಟವನ್ನು ಮುಚ್ಚಲಾಯಿತು. ಸ್ಥಳದ ಮಾಹಿತಿಯನ್ನು ಮಾರಿದ್ದಕ್ಕಾಗಿ ಅಲ್ಲಿನ ದೂರಸಂಪರ್ಕ ಆಯೋಗ 2024ರ ಏಪ್ರಿಲ್‌ನಲ್ಲಿ ಆ ಕಂಪನಿಗಳಿಗೆ ಒಟ್ಟು ಸುಮಾರು 20 ಕೋಟಿ ಡಾಲರ್ ದಂಡ ವಿಧಿಸಿತು; ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಆ ಪುಟವನ್ನು ಕಳೆದ ಫೋನ್ ಹುಡುಕುವವರು ಮಾತ್ರ ಬಳಸುತ್ತಿದ್ದರೇ? ಬೇಡವೆಂದು ಹೇಳಿದ ಹುಡುಗಿಯನ್ನು ಬೆನ್ನಟ್ಟುವವನಿಗೂ, ಗಂಡನ ಹೊಡೆತ ತಾಳದೆ ಮನೆಬಿಟ್ಟ ಹೆಂಗಸನ್ನು ಹುಡುಕುವವನಿಗೂ ಅದೇ ಪುಟ ಸಾಕಾಗುತ್ತಿತ್ತು. ಆದ್ದರಿಂದ ಪುಕ್ಕಟೆ ತಾಣಗಳು ಕೆಲಸ ಮಾಡುವುದಿಲ್ಲ ಎಂಬುದನ್ನು ನಾನು ಒಳ್ಳೆಯ ಸುದ್ದಿಯೆಂದೇ ಭಾವಿಸುತ್ತೇನೆ.

ಇನ್ನೊಂದು ಕಿಂಡಿಯೂ ಇದೆ. ಮೊಬೈಲ್ ಕಂಪನಿಗಳು ಒಂದಕ್ಕೊಂದು ಮಾತಾಡುವ ಎಸ್ಎಸ್7 ಎಂಬ ಭಾಷೆ, ವ್ಯವಹಾರದಲ್ಲಿರುವವರೆಲ್ಲ ನಂಬಿಕಸ್ಥರೆಂಬ ಕಾಲದಲ್ಲಿ ರೂಪುಗೊಂಡದ್ದು. ಅದರ ಮೂಲಕ ಸ್ಥಳವನ್ನು ಕದಿಯಬಹುದೆಂದು ಜರ್ಮನಿಯ ಟೋಬಿಯಾಸ್ ಎಂಗೆಲ್ 2008ರಲ್ಲಿ ಬರ್ಲಿನ್ನಿನಲ್ಲೂ 2014ರಲ್ಲಿ ಹ್ಯಾಂಬರ್ಗಿನಲ್ಲೂ ತೋರಿಸಿಕೊಟ್ಟರು. ಆದರೆ ಅದಕ್ಕೆ ಕಂಪನಿಗಳ ಒಳಜಾಲದೊಳಗೆ ಪ್ರವೇಶ ಬೇಕು. ಅದು ಪುಕ್ಕಟೆಯಾಗಿ ಹಂಚುವ ವಸ್ತುವಲ್ಲ.

ಪೊಲೀಸರಿಗೂ ಮಿತಿಯಿದೆ. ಕಾರ್ಪೆಂಟರ್ ಎಂಬ ದರೋಡೆ ಆರೋಪಿಯ 127 ದಿನಗಳ, 12,898 ಸ್ಥಳಗಳ ದಾಖಲೆಯನ್ನು ಅಮೆರಿಕದ ತನಿಖಾಧಿಕಾರಿಗಳು ವಾರಂಟ್ ಇಲ್ಲದೆ ಪಡೆದಿದ್ದರು. ಇಂಥದಕ್ಕೆ ಸಾಮಾನ್ಯವಾಗಿ ವಾರಂಟ್ ಬೇಕೇ ಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2018ರ ಜೂನ್‌ನಲ್ಲಿ, ಐವರು ನ್ಯಾಯಾಧೀಶರು ಪರ, ನಾಲ್ವರು ವಿರುದ್ಧವಾಗಿ, ತೀರ್ಪಿತ್ತಿತು. ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದನ್ನು ನೀವು ತಿಳಿದಿರಬೇಕು.

ಹಾಗಾದರೆ ನಿಮ್ಮ ಫೋನ್ ಕಳೆದರೆ ಮಾಡುವುದೇನು? ನಿಮ್ಮದೇ ಗೂಗಲ್ ಅಥವಾ ಆ್ಯಪಲ್ ಖಾತೆಗೆ ಬೇರೊಂದು ಸಾಧನದಿಂದ ಪ್ರವೇಶಿಸಿ ನೋಡಿ. ಆ್ಯಪಲ್ 2009ರಿಂದ, ಗೂಗಲ್ 2013ರಿಂದ ಈ ಸೌಲಭ್ಯ ಕೊಟ್ಟಿವೆ. ಇದು ಪುಕ್ಕಟೆಯೂ ಹೌದು, ನಿಜವೂ ಹೌದು. ಇಲ್ಲಿ ಕೇಳುವುದು ಸಂಖ್ಯೆಯನ್ನಲ್ಲ, ನಿಮ್ಮ ಗುಪ್ತಪದವನ್ನು ಎಂಬುದನ್ನು ಗಮನಿಸಿ. ಅದೂ ಆಗದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ವಿವರ ದಾಖಲಿಸಿ. ಇದು 2023ರ ಮೇಯಲ್ಲಿ ಆರಂಭವಾಯಿತು. ಆಗ ನಿಮ್ಮ ಫೋನ್ ದೇಶದ ಯಾವ ಕಂಪನಿಯ ಜಾಲದಲ್ಲೂ ನಡೆಯದಂತೆ ತಡೆಯಲಾಗುತ್ತದೆ. ಕದ್ದವನು ಬೇರೆ ಸಿಮ್ ಹಾಕಿದರೆ ಆ ಸುಳಿವು ಪೊಲೀಸರಿಗೆ ಹೋಗುತ್ತದೆ, ನಿಮಗಲ್ಲ. ಇದಕ್ಕೆ ಬೇಕಾದದ್ದು ಫೋನಿನ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಫೋನಿನ ಡಬ್ಬಿಯ ಮೇಲೂ ಮುದ್ರಿಸಿರುತ್ತಾರೆ. ಫೋನ್ ಕೈಯಲ್ಲಿರುವಾಗಲೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಮನೆಯಲ್ಲಿ ಅಮ್ಮನ ಫೋನಿನದನ್ನೂ ಸೇರಿಸಿ.