ಬೆನ್ನಿ ಕಾರ್ಟರ್: ಬಿಗ್ ಬ್ಯಾಂಡ್ ಯುಗದ ಬಹುಮುಖ ಪ್ರತಿಭೆ

ಜಾಝ್ ಮನೋಧರ್ಮ ಪ್ರಧಾನವಾದ ಸಂಗೀತ. ಆದರೆ ಹದಿನೈದು-ಹದಿನಾರು ವಾದಕರಿರುವ ಬಿಗ್ ಬ್ಯಾಂಡ್‌ನಲ್ಲಿ ಎಲ್ಲರೂ ಮನಬಂದಂತೆ ನುಡಿಸಿದರೆ ಉಳಿಯುವುದು ಗದ್ದಲವಷ್ಟೇ. ಯಾವ ವಾದ್ಯ ಯಾವಾಗ ಯಾವ ಸ್ವರ ನುಡಿಸಬೇಕೆಂದು ಬರೆದುಕೊಟ್ಟು, ಏಕವಾದಕನ ಕಲ್ಪನೆಗೂ ಅವಕಾಶ ಬಿಡುವವನೇ ವಾದ್ಯ ಸಂಯೋಜಕ. ಶ್ರೋತೃಗಳಿಗೆ ಹೆಚ್ಚಾಗಿ ಅಪರಿಚಿತನಾಗಿಯೇ ಉಳಿಯುವ ಈ ಕಸುಬಿಗೆ ಘನತೆ ತಂದವರಲ್ಲಿ ಅಮೆರಿಕದ ಬೆನ್ನಿ ಕಾರ್ಟರ್ ಅಗ್ರಗಣ್ಯರು.

1907ರ ಆಗಸ್ಟ್ 8ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಕಾರ್ಟರ್, ತಾಯಿಯಿಂದ ಪಿಯಾನೊ ಪಾಠ ಪಡೆದದ್ದನ್ನು ಬಿಟ್ಟರೆ ಬಹುಪಾಲು ಸ್ವಯಂಶಿಕ್ಷಿತರು. ಬಾಲ್ಯದಲ್ಲಿ ಹಣ ಕೂಡಿಸಿ ಕೊಂಡ ಟ್ರಂಪೆಟ್ ಕೆಲವೇ ದಿನಗಳಲ್ಲಿ ಒಲಿಯದಿದ್ದಾಗ, ಅದನ್ನು ಹಿಂದಿರುಗಿಸಿ ಸ್ಯಾಕ್ಸೋಫೋನ್ ತಂದರು. ಮುಂದೆ ಆಲ್ಟೊ ಸ್ಯಾಕ್ಸೋಫೋನ್ ವಾದನದ ದಿಗ್ಗಜರಲ್ಲಿ ಒಬ್ಬರೆನಿಸಿದ ಅವರು, ಅಂದು ಕೈಬಿಟ್ಟಿದ್ದ ಟ್ರಂಪೆಟ್ಟಿನಲ್ಲೂ ಪ್ರಭುತ್ವ ಸಾಧಿಸಿದರು. ಕ್ಲಾರಿನೆಟ್ ಕೂಡ ಅವರ ಕೈವಶವಾಗಿತ್ತು.

1930ರ ದಶಕದ ಆರಂಭದಲ್ಲಿ ಫ್ಲೆಚರ್ ಹೆಂಡರ್ಸನ್ ಅವರ ವಾದ್ಯವೃಂದದಲ್ಲಿದ್ದಾಗ ಕಾರ್ಟರ್ ಅವರ ಸಂಯೋಜನಾ ಶೈಲಿ ರೂಪುಗೊಂಡಿತು. ನಾಲ್ಕು ಸ್ಯಾಕ್ಸೋಫೋನ್‌ಗಳು ಬೇರೆ ಬೇರೆ ಸ್ವರಗಳನ್ನು ಹಿಡಿದರೂ ಒಬ್ಬನೇ ವಾದಕ ಆಶುವಾಗಿ ನುಡಿಸುತ್ತಿರುವಂತೆ ಒಟ್ಟಾಗಿ ಹರಿಯುವುದು ಅದರ ವೈಶಿಷ್ಟ್ಯ. 1932ರಲ್ಲಿ ಅವರು ಸ್ವಂತ ವಾದ್ಯವೃಂದ ಕಟ್ಟಿದರು. ಕಲಾವಿದರ ಮೆಚ್ಚುಗೆ ಗಳಿಸಿದರೂ ಅವರ ತಂಡಗಳು ಡ್ಯೂಕ್ ಎಲಿಂಗ್ಟನ್ ಅಥವಾ ಕೌಂಟ್ ಬೇಸಿ ತಂಡಗಳಷ್ಟು ಜನಪ್ರಿಯವಾಗಲಿಲ್ಲ. ಸಹಕಲಾವಿದರು ಮಾತ್ರ ಅವರನ್ನು 'ಕಿಂಗ್' ಎಂದೇ ಕರೆಯುತ್ತಿದ್ದರು.

ಯುರೋಪಿನ ವರ್ಷಗಳು

1935ರಲ್ಲಿ ಪ್ಯಾರಿಸ್‌ಗೆ ತೆರಳಿದ ಕಾರ್ಟರ್, ಮರುವರ್ಷ ಲಂಡನ್ನಿನಲ್ಲಿ ಬಿಬಿಸಿ ನೃತ್ಯ ವಾದ್ಯವೃಂದದ ಸಂಯೋಜಕರಾದರು. 1937ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಕಪ್ಪು ಮತ್ತು ಬಿಳಿಯ ವರ್ಣೀಯರಿಬ್ಬರೂ ಇದ್ದ ಬಹುರಾಷ್ಟ್ರೀಯ ತಂಡವೊಂದನ್ನು ಮುನ್ನಡೆಸಿದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಕೋಲ್ಮನ್ ಹಾಕಿನ್ಸ್ ಅವರೊಂದಿಗೆ ನಾಲ್ಕು ಸ್ಯಾಕ್ಸೋಫೋನ್‌ಗಳ ಧ್ವನಿಮುದ್ರಣದಲ್ಲಿ ಪಾಲ್ಗೊಂಡರು. 1961ರ 'ಫರ್ದರ್ ಡೆಫಿನಿಷನ್ಸ್' ಧ್ವನಿಮುದ್ರಿಕೆಗೆ ಅದೇ ವಿನ್ಯಾಸವನ್ನು, ಹಾಕಿನ್ಸ್ ಅವರ ಜೊತೆಯಲ್ಲೇ, ಮರಳಿ ಬಳಸಿದರು. ಇದು ಅವರ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಚಿತ್ರರಂಗ ಮತ್ತು ಸಮಾನತೆ

1940ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಕಾರ್ಟರ್, 'ಸ್ಟಾರ್ಮಿ ವೆದರ್' (1943) ಸೇರಿದಂತೆ ಹಲವು ಚಿತ್ರಗಳಿಗೂ ನಂತರ ದೂರದರ್ಶನ ಸರಣಿಗಳಿಗೂ ದುಡಿದರು. ತರುಣ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಕೆಲಕಾಲ ನುಡಿಸಿದ್ದರು. ಎಲ್ಲಾ ಫಿಟ್ಜೆರಾಲ್ಡ್, ಸಾರಾ ವಾನ್ ಮುಂತಾದ ಗಾಯಕಿಯರಿಗೆ ಕಾರ್ಟರ್ ವಾದ್ಯ ಸಂಯೋಜನೆ ಮಾಡಿದರು.

ಆ ಕಾಲದಲ್ಲಿ ಅಲ್ಲಿನ ಸಂಗೀತಗಾರರ ಸಂಘ ವರ್ಣಾಧಾರಿತವಾಗಿ ಎರಡಾಗಿತ್ತು. ಬಿಳಿಯರದು 47ನೇ ಸಂಖ್ಯೆಯ ಶಾಖೆ, ಕಪ್ಪುವರ್ಣೀಯರದು 767ನೇ ಶಾಖೆ. ಸ್ಟುಡಿಯೊಗಳ ಉತ್ತಮ ಸಂಬಳದ ಕೆಲಸಗಳು ಬಹುತೇಕ ಮೊದಲ ಶಾಖೆಯ ಪಾಲಾಗುತ್ತಿದ್ದವು. ಇವೆರಡನ್ನೂ ಒಂದುಗೂಡಿಸುವ ಹೋರಾಟದ ಮುಂಚೂಣಿಯಲ್ಲಿ ಕಾರ್ಟರ್ ಇದ್ದರು. 1953ರಲ್ಲಿ ವಿಲೀನ ನೆರವೇರಿತು. ಸ್ವತಃ ಸ್ಟುಡಿಯೊ ಪ್ರವೇಶ ಪಡೆದಿದ್ದ ಕಲಾವಿದನೊಬ್ಬ ಇತರರಿಗೂ ಆ ಬಾಗಿಲು ತೆರೆಯಬೇಕೆಂದು ಪಟ್ಟ ಶ್ರಮವದು.

ಗೌರವಗಳು

1974ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1987ರಲ್ಲಿ ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿ, 1996ರಲ್ಲಿ ಕೆನಡಿ ಸೆಂಟರ್ ಗೌರವ, 2000ದಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಕಲಾ ಪದಕ ಸಂದವು. 1920ರ ದಶಕದಿಂದ 1990ರ ದಶಕದವರೆಗೂ ಧ್ವನಿಮುದ್ರಣ ನಡೆಸಿದ ಕಾರ್ಟರ್, 2003ರ ಜುಲೈ 12ರಂದು ಲಾಸ್ ಏಂಜಲೀಸ್‌ನಲ್ಲಿ ತಮ್ಮ 95ನೇ ವಯಸ್ಸಿನಲ್ಲಿ ನಿಧನರಾದರು. ವಾದ್ಯವೃಂದಗಳಿಗಾಗಿ ಸ್ಯಾಕ್ಸೋಫೋನ್ ಸಂಗೀತ ಬರೆಯುವವರಿಗೆ ಅವರ ರಚನೆಗಳು ಇಂದಿಗೂ ಪಾಠವಾಗಿವೆ.